ಬೀದರದ ವಿಮಾನ ನಿಲ್ದಾಣ: ನೆಲ ಸ್ವತಂತ್ರವಾಯಿತು, ಆಕಾಶವೋ?

ಒಂದು ನಾಡಿನ ನೆಲವು ಯಾವ ದಿನ ಸ್ವತಂತ್ರವಾಗುವುದೋ ಅದೇ ದಿನ ಆ ನಾಡಿನ ಹಾದಿಗಳೂ ಆಕಾಶವೂ ಸ್ವತಂತ್ರವಾಗುವುವೆಂದು ಜನರು ಸಹಜವಾಗಿಯೇ ಭಾವಿಸುತ್ತಾರೆ. ವಿಜಯದ ದಿನ ಕೋಟೆಯ ಮೇಲೆ ಧ್ವಜವೇರುವುದು, ಜಯಘೋಷವಾಗುವುದು, ಇನ್ನು ಮೇಲೆ ಎಲ್ಲವೂ ನಮ್ಮದೇ ಎಂದು ಮನಸ್ಸು ನಂಬುವುದು. ಆದರೆ ಇತಿಹಾಸವು ಬಡ್ಡಿಯನ್ನು ವಸೂಲು ಮಾಡದೆ ಬಿಡುವ ಸಾಹುಕಾರನಲ್ಲ. ಹಳೆಯ ಅಧೀನತೆಯು ಒಂದು ರೂಪದಿಂದ ತೊಲಗಿದರೆ ಮತ್ತೊಂದು ರೂಪವನ್ನು ಧರಿಸಿ ಬಾಗಿಲಲ್ಲಿ ಬಂದು ನಿಲ್ಲುವುದುಂಟು. ಈ ಮಾತಿಗೆ ಬೀದರದ ವಿಮಾನ ನಿಲ್ದಾಣಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ಕನ್ನಡ ನಾಡಿನಲ್ಲಿ ನಾವು ಕಾಣೆವು.

ಕರ್ನಾಟಕದ ನಕ್ಷೆಯಲ್ಲಿ ಬೀದರವು ಈಶಾನ್ಯದ ತುತ್ತತುದಿಯಲ್ಲಿದೆ. ಭಾಷಣಕಾರರು ಅದನ್ನು ಕನ್ನಡ ನಾಡಿನ ಕಿರೀಟವೆಂದು ಕರೆಯುತ್ತಾರೆ. ಕಿರೀಟವೆಂಬ ಗೌರವವೇನೋ ದೊಡ್ಡದು. ಆದರೆ ಬೀದರದಿಂದ ಬೆಂಗಳೂರಿಗೆ ನೆಲದ ಹಾದಿಯಲ್ಲಿ ಸುಮಾರು ೭೦೦ ಕಿಲೋಮೀಟರುಗಳ ಅಂತರವಿದೆ ಎಂಬುದೂ ಅಷ್ಟೇ ಸತ್ಯ. ರಾಜಧಾನಿಯ ಕಚೇರಿಯಲ್ಲಿ ಒಂದು ಅರ್ಜಿಯ ಗತಿಯೇನಾಯಿತೆಂದು ವಿಚಾರಿಸಬೇಕಾದ ಬೀದರದ ಗೃಹಸ್ಥನು ರಾತ್ರಿಯೆಲ್ಲ ರೈಲಿನಲ್ಲಿಯೋ ಬಸ್ಸಿನಲ್ಲಿಯೋ ಕಳೆದು, ಹಗಲೆಲ್ಲ ಕಚೇರಿಯ ಮೆಟ್ಟಿಲು ಹತ್ತಿಳಿದು, ಮತ್ತೆ ರಾತ್ರಿಯ ಪ್ರಯಾಣದಿಂದ ಊರು ಸೇರಬೇಕು. ಹೈದರಾಬಾದಾದರೋ ಆ ದೂರದ ಐದನೆಯ ಒಂದು ಪಾಲಿನಷ್ಟು ಹತ್ತಿರದಲ್ಲಿದೆ. ರೋಗಿಗಳು ಅಲ್ಲಿಗೆ ಹೋಗುತ್ತಾರೆ; ವ್ಯಾಪಾರಿಗಳು ಅಲ್ಲಿಗೆ ಹೋಗುತ್ತಾರೆ; ವಿಮಾನವೇರಬೇಕಾದವರೂ ಬಹುಕಾಲ ಅಲ್ಲಿಗೇ ಹೋದರು. ಇಷ್ಟಾದರೂ ಬೀದರ ಪಟ್ಟಣದ ಮಗ್ಗುಲಲ್ಲಿಯೇ, ದೊಡ್ಡ ವಿಮಾನಗಳು ಇಳಿಯಬಲ್ಲ ನೆಲವು ಎಪ್ಪತ್ತೈದು ವರ್ಷಗಳಿಗೂ ಹಿಂದಿನಿಂದ ಇದೆ. ಅಂಗಳದಲ್ಲಿ ಬಾವಿಯಿದ್ದೂ ನೀರಿಗಾಗಿ ನೆರೆಯೂರಿಗೆ ಕೊಡ ಹೊತ್ತವರಂತೆ ಬೀದರದ ಜನರು ಬದುಕಿದರು. ಇದು ಹೇಗಾಯಿತೆಂಬುದನ್ನು ತಿಳಿಯಬೇಕಾದರೆ ೧೯೪೮ನೆಯ ಇಸವಿಗೆ ಹೋಗಬೇಕು.

ಕತ್ತಲೆಯಲ್ಲಿ ಇಳಿದ ವಿಮಾನಗಳು

೧೯೪೭ರ ಆಗಸ್ಟ್ ೧೫ರಂದು ಭಾರತವೆಲ್ಲ ಸ್ವಾತಂತ್ರ್ಯೋತ್ಸವವನ್ನು ಆಚರಿಸುತ್ತಿದ್ದಾಗ ಬೀದರ, ಕಲಬುರ್ಗಿ, ರಾಯಚೂರು ಜಿಲ್ಲೆಗಳ ಕನ್ನಡಿಗರು ನಿಜಾಮರ ಪ್ರಜೆಗಳಾಗಿಯೇ ಉಳಿದರು. ಭಾರತದ ಒಕ್ಕೂಟವನ್ನು ಸೇರಲು ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು ಒಪ್ಪಲಿಲ್ಲ. ಆ ವರ್ಷದ ನವೆಂಬರ್ ೨೯ರಂದು ಒಂದು ವರ್ಷದ ಮಟ್ಟಿಗೆ ಯಥಾಸ್ಥಿತಿಯ ಒಪ್ಪಂದವಾಯಿತು. ಒಪ್ಪಂದದ ಮಸಿ ಆರುವ ಮೊದಲೇ ಎರಡೂ ಕಡೆಗಳಿಂದ ದೂರುಗಳು ಪ್ರಾರಂಭವಾದುವು. ಕಾಸಿಂ ರಜವಿಯ ನಾಯಕತ್ವದಲ್ಲಿ ರಜಾಕಾರರು ಹಳ್ಳಿಹಳ್ಳಿಗಳಲ್ಲಿ ಭಯವನ್ನು ಬಿತ್ತಿದರು. ಬೀದರ ಜಿಲ್ಲೆಯ ಗೋರಟಾ ಗ್ರಾಮದಲ್ಲಿ ೧೯೪೮ರ ಮೇ ತಿಂಗಳಲ್ಲಿ ನಡೆದ ಹತ್ಯಾಕಾಂಡವನ್ನು ಆ ಸೀಮೆಯ ಜನರು ಇಂದಿಗೂ ಮರೆತಿಲ್ಲ.

ಆ ದಿನಗಳಲ್ಲಿ ಕನ್ನಡ ನುಡಿಯ ಸ್ಥಿತಿಯೂ ಪ್ರಜೆಯ ಸ್ಥಿತಿಯಂತೆಯೇ ಇದ್ದಿತು. ಸರಕಾರದ ಭಾಷೆ ಉರ್ದು. ಶಾಲೆಯ ಭಾಷೆಯೂ ಅದೇ. ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಕನ್ನಡವನ್ನು ಕಲಿಸಿದರೆಂಬ ಸಂಗತಿಯು ಆ ಭಾಗದಲ್ಲಿ ಮನೆಮಾತಾಗಿದೆ. ತಮ್ಮ ತಾಯ್ನುಡಿಯನ್ನು ಕಳ್ಳಸಾಮಾನಿನಂತೆ ಬಚ್ಚಿಟ್ಟು ಕಾಪಾಡಬೇಕಾಗಿದ್ದ ಜನರ ನಾಡಿಗೆ ನಿಜವಾದ ಕಳ್ಳಸಾಮಾನು ಬಂದದ್ದು ಆಕಾಶಮಾರ್ಗದಿಂದ.

ಹೈದರಾಬಾದು ಸಂಸ್ಥಾನಕ್ಕೆ ಸಮುದ್ರತೀರವಿರಲಿಲ್ಲ. ನಾಲ್ಕು ದಿಕ್ಕುಗಳಲ್ಲಿಯೂ ಭಾರತದ ನೆಲವೇ ಇದ್ದಿತು. ಭಾರತ ಸರಕಾರವು ಸರಕುಗಳ ಸಾಗಣೆಯನ್ನು ಬಿಗಿಗೊಳಿಸಿದ ಮೇಲೆ ಆಯುಧಗಳನ್ನು ತರಿಸಲು ನಿಜಾಮರ ಸರಕಾರಕ್ಕೆ ಆಕಾಶವೊಂದೇ ದಾರಿಯಾಯಿತು. ಆಗ ಮುಂದೆ ಬಂದವನು ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯದ ವೈಮಾನಿಕನು. ಇವನು ಸಾಮಾನ್ಯನಲ್ಲ. ಎರಡನೆಯ ಮಹಾಯುದ್ಧದ ಆರಂಭಕ್ಕೆ ಮುಂಚೆಯೇ ಜರ್ಮನಿಯ ಮೇಲೆ ಹಾರಿ ಗುಟ್ಟಾಗಿ ಛಾಯಾಚಿತ್ರಗಳನ್ನು ತೆಗೆದು, ಬ್ರಿಟಿಷರ ವೈಮಾನಿಕ ಛಾಯಾಗ್ರಹಣಕ್ಕೆ ತಳಹದಿ ಹಾಕಿದವರಲ್ಲಿ ಒಬ್ಬನು. ಅಂಥ ಕುಶಲಿಯು ೧೯೪೮ರಲ್ಲಿ ತನ್ನ ಕೌಶಲವನ್ನು ನಿಜಾಮರಿಗೆ ಮಾರಿದನು. ಲ್ಯಾಂಕಾಸ್ಟರ್ ಎಂಬ ಬಾಂಬು ಹಾಕುವ ವಿಮಾನವನ್ನೇ ಮಾರ್ಪಡಿಸಿ ಮಾಡಿದ ಲ್ಯಾಂಕಾಸ್ಟ್ರಿಯನ್ ವಿಮಾನಗಳು ಕರಾಚಿಯಿಂದ ಹೊರಟು, ಭಾರತದ ಗಡಿಯನ್ನು ಕತ್ತಲೆಯಲ್ಲಿ ದಾಟಿ, ಬೀದರ, ವರಂಗಲ್ಲುಗಳಂಥ ನಿಲ್ದಾಣಗಳಲ್ಲಿ ಬಂದೂಕು ಮದ್ದುಗುಂಡುಗಳನ್ನು ಇಳಿಸಿ ಮರಳುತ್ತಿದ್ದುವು. ಹಗಲು ಕಾದಾಡಬಲ್ಲ ಟೆಂಪೆಸ್ಟ್ ವಿಮಾನಗಳು ನಮ್ಮ ವಾಯುಪಡೆಗೆ ಇದ್ದರೂ ರಾತ್ರಿಯ ಕಳ್ಳನನ್ನು ಆಕಾಶದಲ್ಲಿ ಹುಡುಕಿ ಹಿಡಿಯುವ ಸಲಕರಣೆಯು ಆಗ ಇರಲಿಲ್ಲ. ಮುಂದೆ ಇಂಗ್ಲೆಂಡಿನ ನ್ಯಾಯಾಲಯವು ಕಾಟನ್ನನಿಗೆ ೨೦೦ ಪೌಂಡುಗಳ ದಂಡವನ್ನು ವಿಧಿಸಿತು. ಒಂದು ಸಂಸ್ಥಾನವನ್ನು ರಣರಂಗವಾಗಿಸಲು ಆಯುಧ ಹೊತ್ತವನಿಗೆ ಅದು ದಂಡವಲ್ಲ, ಸುಂಕ.

ಬೀದರದ ನಿಲ್ದಾಣದ ಮೊದಲ ಪ್ರಸಿದ್ಧಿ ಇಂಥದು. ಆ ನೆಲದ ಸುತ್ತಲಿದ್ದ ಹೊಲಗಳು ಪ್ರಜೆಗಳವು. ಆ ನೆಲಕ್ಕೆ ಖರ್ಚಾದ ಹಣವು ಪ್ರಜೆಗಳ ಕಂದಾಯ. ಅಲ್ಲಿ ಇಳಿದ ಬಂದೂಕುಗಳು ಮಾತ್ರ ಆ ಪ್ರಜೆಗಳ ಇಚ್ಛೆಯನ್ನು ಅದುಮಲು ಬಂದವು.

ಐದು ದಿನಗಳ ಕಾರ್ಯಾಚರಣೆ

೧೯೪೮ರ ಸೆಪ್ಟೆಂಬರ್ ೧೩ರಂದು ಮೇಜರ್ ಜನರಲ್ ಜೆ. ಎನ್. ಚೌಧುರಿಯವರ ನಾಯಕತ್ವದಲ್ಲಿ ಭಾರತೀಯ ಸೈನ್ಯವು ಸೊಲ್ಲಾಪುರದ ಕಡೆಯಿಂದ ಹೈದರಾಬಾದು ಸಂಸ್ಥಾನವನ್ನು ಪ್ರವೇಶಿಸಿತು. ಮೊದಲ ದಿನ ನಳದುರ್ಗವು ಕೈವಶವಾಯಿತು. ಎರಡನೆಯ ದಿನ, ಇಂದಿನ ಬೀದರ ಜಿಲ್ಲೆಯ ರಾಜೇಶ್ವರದ ಹಾದಿಯಲ್ಲಿ ಹೊಂಚುಹಾಕಿದ್ದ ಎದುರಾಳಿಗಳ ಮೇಲೆ ಟೆಂಪೆಸ್ಟ್ ವಿಮಾನಗಳು ದಾಳಿ ನಡೆಸಿ ಮಾರ್ಗವನ್ನು ತೆರವು ಮಾಡಿಕೊಟ್ಟುವು. ಸೆಪ್ಟೆಂಬರ್ ೧೭ರ ಬೆಳಗಿನ ಜಾವದಲ್ಲಿ ಸೈನ್ಯವು ಬೀದರವನ್ನು ಪ್ರವೇಶಿಸಿತು. ಅದೇ ದಿನ ಸಂಜೆ ನಿಜಾಮರು ಶರಣಾಗತಿಯನ್ನು ಘೋಷಿಸಿದರು. ಮರುದಿನ ಅವರ ಸೇನಾಪತಿ ಎಲ್ ಎದ್ರೂಸರು ವಿಧಿಪೂರ್ವಕವಾಗಿ ಶರಣಾದರು. ತಿಂಗಳುಗಟ್ಟಲೆ ಕತ್ತಲೆಯಲ್ಲಿ ತಂದು ಕೂಡಿಟ್ಟ ಆಯುಧಗಳು ಐದು ದಿನಗಳ ಮಟ್ಟಿಗೂ ಸಿಂಹಾಸನವನ್ನು ಕಾಪಾಡಲಾರದೆ ಹೋದುವು.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದುವರಿದರೆ ನಾವು ಸತ್ಯಕ್ಕೆ ದ್ರೋಹ ಬಗೆದಂತಾಗುವುದು. ವಿಮೋಚನೆಯ ಹಿಂದೆಯೇ ಉಸ್ಮಾನಾಬಾದು, ಕಲಬುರ್ಗಿ, ಬೀದರ, ನಾಂದೇಡ ಜಿಲ್ಲೆಗಳಲ್ಲಿ ನಿರಪರಾಧಿಗಳಾದ ಅನೇಕ ಮುಸಲ್ಮಾನರು ಸೇಡಿಗೆ ಬಲಿಯಾದರು. ಸರಕಾರವೇ ಕಳುಹಿಸಿದ ಪಂಡಿತ ಸುಂದರಲಾಲರ ನಿಯೋಗವು ಸ್ಥಳಗಳನ್ನು ಸಂದರ್ಶಿಸಿ ಸಲ್ಲಿಸಿದ ವರದಿಯು ದಶಕಗಳವರೆಗೆ ಬೆಳಕು ಕಾಣಲಿಲ್ಲ. ರಜಾಕಾರರ ಪಾಪವನ್ನು ನೆನೆಯುವವರು ಈ ಪಾಪವನ್ನೂ ನೆನೆಯಬೇಕು. ಆಯುಧವು ಯಾರ ಕೈಯಲ್ಲಿದ್ದರೂ ಅದರ ಲೆಕ್ಕವನ್ನು ಕಡೆಗೆ ತೀರಿಸುವವನು ಬಡ ರೈತ, ಬಡ ನೇಕಾರ, ಬಡ ಕೂಲಿಯೇ. ಆದುದರಿಂದಲೇ, ಆಯುಧಗಳಿಗಾಗಿ ತೆರೆದಿದ್ದ ಒಂದು ನೆಲವು ಜನರ ಜೀವನಕ್ಕಾಗಿ ತೆರೆಯುವುದೆಂದರೆ ಅದು ಕೇವಲ ಸಾರಿಗೆ ಇಲಾಖೆಯ ವಿಷಯವಲ್ಲ; ಒಂದು ಹಳೆಯ ಗಾಯಕ್ಕೆ ಹಾಕುವ ಔಷಧವೂ ಹೌದು.

ಮದ್ದಿನ ಮನೆಯೂ ವಿದ್ಯೆಯ ಮನೆಯೂ

ಸಂಸ್ಥಾನವು ವಿಲೀನವಾದ ಮೇಲೆ ಬೀದರದ ನಿಲ್ದಾಣವು ಭಾರತೀಯ ವಾಯುಪಡೆಗೆ ಸೇರಿ, ಕಾಲಕ್ರಮದಲ್ಲಿ ವೈಮಾನಿಕರನ್ನು ತರಬೇತುಗೊಳಿಸುವ ದೊಡ್ಡ ಕೇಂದ್ರವಾಯಿತು. ಬೀದರ ಪಟ್ಟಣವನ್ನು ಬಲ್ಲವರಿಗೆ ಈ ಪರಿವರ್ತನೆಯಲ್ಲಿ ಒಂದು ವಿಶೇಷ ಅರ್ಥವು ತೋರದೆ ಇರದು. ಬಹಮನಿ ರಾಜ್ಯದ ಮಂತ್ರಿ ಮಹಮೂದ್ ಗವಾನನು ೧೪೭೨ರಲ್ಲಿ ಅಲ್ಲಿ ಕಟ್ಟಿಸಿದ ಮದರಸವು ದಕ್ಷಿಣಾಪಥದ ಪ್ರಸಿದ್ಧ ವಿದ್ಯಾಮಂದಿರಗಳಲ್ಲೊಂದು. ಮೊಗಲರು ಬೀದರವನ್ನು ಗೆದ್ದ ಬಳಿಕ ಆ ಕಟ್ಟಡವನ್ನು ಸಿಪಾಯಿಗಳ ವಸತಿಗೂ ಸಿಡಿಮದ್ದಿನ ಸಂಗ್ರಹಕ್ಕೂ ಬಳಸಿದರು. ೧೬೯೬ರಲ್ಲಿ ಮದ್ದು ಸಿಡಿದು ಅದರ ಒಂದು ಭಾಗವು ಹಾರಿಹೋಯಿತು. ಅಂದು ವಿದ್ಯೆಯ ಮನೆಯು ಮದ್ದಿನ ಮನೆಯಾಗಿ ಹಾಳಾಯಿತು. ಇಂದು ಮದ್ದುಗುಂಡು ಇಳಿದ ನೆಲವು ವಿದ್ಯೆಯ ಮನೆಯಾಗಿ ಮಾನ ಪಡೆಯಿತು.

೧೯೯೬ರ ಮೇ ತಿಂಗಳಲ್ಲಿ ವಾಯುಪಡೆಯ 'ಸೂರ್ಯಕಿರಣ' ತಂಡವು ಬೀದರದಲ್ಲಿಯೇ ಜನ್ಮತಾಳಿತು. ಕಿರಣ್ ವಿಮಾನಗಳಲ್ಲಿ ರೆಕ್ಕೆಗೆ ರೆಕ್ಕೆ ತಾಗುವಂತೆ ಹಾರಿ ಚಮತ್ಕಾರಗಳನ್ನು ತೋರುವ ಈ ತಂಡವನ್ನು ದೇಶವಿದೇಶಗಳ ಜನರು ಕಂಡು ಬೆರಗಾದರು. ಆ ಬೆರಗಿಗೆ ಬೆಲೆಯನ್ನೂ ತೆತ್ತಿದ್ದಾರೆ. ೨೦೦೬ರ ಮಾರ್ಚ್ ತಿಂಗಳಲ್ಲಿ ಬೀದರದ ಸಮೀಪದಲ್ಲಿ ವಿಮಾನವೊಂದು ಬಿದ್ದು ಇಬ್ಬರು ವೈಮಾನಿಕರು ಪ್ರಾಣ ಕಳೆದುಕೊಂಡರು; ೨೦೦೯ರ ಜನವರಿಯಲ್ಲಿ ಮತ್ತೊಬ್ಬರು ಮಡಿದರು. ೨೦೦೮ರ ಫೆಬ್ರುವರಿಯಲ್ಲಿ ಹಾಕ್ ಎಂಬ ಉನ್ನತ ತರಬೇತಿಯ ಜೆಟ್ ವಿಮಾನಗಳನ್ನು ಬೀದರದಲ್ಲಿಯೇ ವಾಯುಪಡೆಗೆ ಸೇರಿಸಿಕೊಳ್ಳಲಾಯಿತು. ೨೦೧೧ರಲ್ಲಿ ನಿಂತುಹೋಗಿದ್ದ ಸೂರ್ಯಕಿರಣ ತಂಡವು ೨೦೧೫ರಲ್ಲಿ ಇದೇ ಹಾಕ್ ವಿಮಾನಗಳೊಡನೆ ಪುನರ್ಜನ್ಮ ಪಡೆಯಿತು. ಯುದ್ಧವಿಮಾನವನ್ನು ನಡೆಸುವ ನಮ್ಮ ತರುಣರಲ್ಲಿ ಎಷ್ಟೋ ಮಂದಿ ಬೀದರದ ಆಕಾಶದಲ್ಲಿ ರೆಕ್ಕೆ ಬಲಿತವರೇ.

ವಾಯುಪಡೆಯ ವಿಷಯದಲ್ಲಿ ನಮ್ಮ ಆಕ್ಷೇಪಣೆ ಲವಲೇಶವೂ ಇಲ್ಲ. ರಾಷ್ಟ್ರರಕ್ಷಣೆಯ ಕೆಲಸಕ್ಕೆ ತನ್ನ ನೆಲವನ್ನೂ ತನ್ನ ಆಕಾಶದ ಶಾಂತಿಯನ್ನೂ ಒಪ್ಪಿಸಿಕೊಟ್ಟಿರುವುದು ಬೀದರಕ್ಕೆ ಹೆಮ್ಮೆಯ ಸಂಗತಿ. ದಿನವೂ ಜೆಟ್ ವಿಮಾನಗಳ ಗರ್ಜನೆಯಲ್ಲಿ ಬೆಳೆಯುವ ಮಕ್ಕಳು ಅದನ್ನು ದೂರಲಿಲ್ಲ. ಆದರೆ ರಾಷ್ಟ್ರದ ಭಾರವನ್ನು ಹೊತ್ತ ಊರಿಗೆ ರಾಷ್ಟ್ರದ ಸೌಕರ್ಯದಲ್ಲಿಯೂ ಪಾಲಿರಬೇಕೆಂಬುದು ನ್ಯಾಯವಲ್ಲವೇ? ಈ ಪ್ರಶ್ನೆಗೆ ಅಡ್ಡವಾಗಿ ನಿಂತದ್ದು ವಾಯುಪಡೆಯಲ್ಲ, ಒಂದು ಕಾಗದ.

ನೂರೈವತ್ತು ಕಿಲೋಮೀಟರಿನ ಬೇಲಿ

೨೦೦೪ರಲ್ಲಿ ಕೇಂದ್ರ ಸರಕಾರಕ್ಕೂ ಹೈದರಾಬಾದಿನ ಹೊಸ ವಿಮಾನ ನಿಲ್ದಾಣವನ್ನು ಕಟ್ಟಲು ಮುಂದೆ ಬಂದ ಕಂಪನಿಗೂ ಒಂದು ಕರಾರಾಯಿತು. ಆ ನಿಲ್ದಾಣವು ತೆರೆದ ದಿನದಿಂದ ೨೫ ವರ್ಷಗಳವರೆಗೆ, ಅದರ ಸುತ್ತ ೧೫೦ ಕಿಲೋಮೀಟರು ವಾಯುದೂರದೊಳಗೆ ಬೇರೆ ನಿಲ್ದಾಣಗಳು ಬೆಳೆಯುವುದನ್ನು ನಿರ್ಬಂಧಿಸುವ ಷರತ್ತು ಅದರಲ್ಲಿ ಸೇರಿತ್ತು. ನಿಲ್ದಾಣವು ೨೦೦೮ರ ಮಾರ್ಚಿನಲ್ಲಿ ತೆರೆಯಿತು. ಬೀದರವು ಆ ವೃತ್ತದ ಒಳಗೆ ಸಿಕ್ಕಿಬಿದ್ದಿತು. ಅದೇ ಕಾಲದ ಸುಮಾರಿಗೆ ಬೀದರದಲ್ಲಿ ವಾಯುಪಡೆಯ ನೆಲಕ್ಕೆ ಹೊಂದಿಕೊಂಡಂತೆ ಪ್ರಯಾಣಿಕರಿಗಾಗಿ ಒಂದು ಕಟ್ಟಡವು ಎದ್ದಿತು. ಗೋಡೆಗಳು ನಿಂತುವು, ಬಾಗಿಲುಗಳು ಬಂದುವು, ವಿಮಾನ ಮಾತ್ರ ಬರಲಿಲ್ಲ. ಸುಮಾರು ಹತ್ತು ವರ್ಷಗಳ ಕಾಲ ಆ ಕಟ್ಟಡವು ಬೀಗ ಹಾಕಿಸಿಕೊಂಡು ನಿಂತಿತು. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡನೆಂಬ ಗಾದೆಯು ಇದಕ್ಕಿಂತ ಚೆನ್ನಾಗಿ ಎಲ್ಲಿ ಸಾರ್ಥಕವಾದೀತು?

ಕರಾರನ್ನು ಬರೆದವರ ಪಕ್ಷವನ್ನೂ ನಾವು ಕೇಳಬೇಕು. ಸಾವಿರಾರು ಕೋಟಿ ರೂಪಾಯಿಗಳನ್ನು ಹೂಡುವವರು ತಮ್ಮ ಪ್ರಯಾಣಿಕರು ನೆರೆಯ ನಿಲ್ದಾಣಕ್ಕೆ ಹಂಚಿಹೋಗದಂತೆ ರಕ್ಷಣೆ ಕೇಳುವುದು ವ್ಯಾಪಾರದ ನೀತಿ. ನಮ್ಮ ಬೆಂಗಳೂರಿನ ನಿಲ್ದಾಣಕ್ಕೂ ಅದೇ ೨೦೦೪ರಲ್ಲಿ ಇಂಥದೇ ರಕ್ಷಣೆ ದೊರೆಯಿತು. ಆದುದರಿಂದ ಹೈದರಾಬಾದಿನವರನ್ನು ಮಾತ್ರ ದೂರುವ ಹಕ್ಕು ನಮಗಿಲ್ಲ. ಆದರೆ ಬೆಂಗಳೂರಿನ ಕರಾರನ್ನು ಬರೆಯುವಾಗ ಮೈಸೂರು, ಹಾಸನಗಳ ಹೆಸರನ್ನು ಸ್ಪಷ್ಟವಾಗಿ ಕಾಣಿಸಿ ಅವುಗಳಿಗೆ ವಿನಾಯಿತಿಯನ್ನು ಇಡಲಾಯಿತು. ಮೈಸೂರಿನ ಪರವಾಗಿ ಮಾತನಾಡುವವರು ಅಲ್ಲಿ ಇದ್ದರು. ಹೈದರಾಬಾದಿನ ಕರಾರನ್ನು ಬರೆಯುವಾಗ ಬೀದರದ ಪರವಾಗಿ ಯಾರು ಮಾತನಾಡಬೇಕಾಗಿತ್ತು? ಆಂಧ್ರದ ರಾಜಕಾರಣಿಗಳು ಮಾತನಾಡಬೇಕಾಗಿರಲಿಲ್ಲ. ಅದು ಅವರ ಕರ್ತವ್ಯವಲ್ಲ. ಮಾತನಾಡಬೇಕಾಗಿದ್ದವರು ಬೆಂಗಳೂರಿನಲ್ಲಿದ್ದರು. ಎರಡು ರಾಜಧಾನಿಗಳ ನಡುವೆ ಬೀದರದ ಧ್ವನಿಯು ಯಾರ ಕಿವಿಗೂ ಬೀಳಲಿಲ್ಲ.

ಇದರಲ್ಲಿಯೇ ನಮ್ಮ ದುಃಖದ ಮೂಲವಿದೆ. ೧೯೫೬ರ ನವೆಂಬರ್ ೧ರಂದು ಭಾಷಾವಾರು ಪ್ರಾಂತಗಳ ರಚನೆಯಾದಾಗ ಹಳೆಯ ಬೀದರ ಜಿಲ್ಲೆಯು ಮೂರು ಪಾಲಾಯಿತು. ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿಗೆ ಹೋದುವು. ಜಹೀರಾಬಾದು, ನಾರಾಯಣಖೇಡಗಳು ಆಂಧ್ರಕ್ಕೆ ಸೇರಿದುವು. ಉಳಿದ ಭಾಗವು ನಮ್ಮ ಪಾಲಿಗೆ ಬಂದಿತು. ಆ ಜನರು ಕನ್ನಡ ನಾಡನ್ನು ಸೇರಿದ್ದು ಬೆಂಗಳೂರು ಹತ್ತಿರವೆಂದಲ್ಲ. ದೂರವೆಂಬುದನ್ನು ಬಲ್ಲವರಾಗಿಯೂ ನುಡಿಯ ನಂಟಿಗಾಗಿ ಸೇರಿದರು. ಭಾಷೆಗಾಗಿ ದೂರವನ್ನು ಒಪ್ಪಿಕೊಂಡವರಿಗೆ ಆ ದೂರವನ್ನು ಕುಗ್ಗಿಸಿಕೊಡುವುದು ರಾಜ್ಯದ ಋಣವಾಗಿತ್ತು. ಆ ಋಣವು ಎಷ್ಟು ನಿಧಾನವಾಗಿ ತೀರುತ್ತಿದೆಯೆಂಬುದಕ್ಕೆ ಬೀದರ-ಕಲಬುರ್ಗಿ ರೈಲುಮಾರ್ಗವೇ ಸಾಕ್ಷಿ. ಸುಮಾರು ೧೧೦ ಕಿಲೋಮೀಟರುಗಳ ಆ ಮಾರ್ಗಕ್ಕೆ ಕಳೆದ ಶತಮಾನದ ಕಡೆಯ ದಶಕದಲ್ಲಿ ಮಂಜೂರಾತಿ ದೊರೆಯಿತು. ರೈಲು ಪೂರ್ತಿಯಾಗಿ ಓಡಿದ್ದು ೨೦೧೭ರ ಅಕ್ಟೋಬರಿನಲ್ಲಿ. ನೆರೆಹೊರೆಯ ಎರಡು ಕನ್ನಡ ಜಿಲ್ಲೆಗಳನ್ನು ಕೂಡಿಸಲು ಎರಡು ದಶಕಗಳು ಬೇಕಾದುವು.

ತೆರೆದು ಮುಚ್ಚಿ ತೆರೆದ ಬಾಗಿಲು

೨೦೧೬ರಲ್ಲಿ ಕೇಂದ್ರ ಸರಕಾರವು 'ಉಡಾನ್' ಎಂಬ ಪ್ರಾದೇಶಿಕ ವಿಮಾನ ಯೋಜನೆಯನ್ನು ಪ್ರಾರಂಭಿಸಿದ ಮೇಲೆ ಬೀದರದ ಬಾಗಿಲಿಗೆ ಬೀಗದಕೈ ದೊರೆಯಿತು. ಈ ಯೋಜನೆಯ ಕ್ರಮವನ್ನು ವಾಚಕರು ತಿಳಿದಿರುವುದು ಒಳ್ಳೆಯದು. ಸಣ್ಣ ಊರುಗಳಿಗೆ ಹಾರುವ ವಿಮಾನದ ಆಸನಗಳಲ್ಲಿ ಅರ್ಧದಷ್ಟನ್ನು ನಿಗದಿಯಾದ ಮಿತಿಯೊಳಗಿನ ದರಕ್ಕೆ ಮಾರಬೇಕು. ಯೋಜನೆಯ ಆರಂಭದಲ್ಲಿ ಒಂದು ಗಂಟೆಯ ಪ್ರಯಾಣಕ್ಕೆ ಆ ಮಿತಿಯು ಸುಮಾರು ೨,೫೦೦ ರೂಪಾಯಿಗಳಾಗಿತ್ತು. ಇದರಿಂದ ಕಂಪನಿಗೆ ಬೀಳುವ ಕೊರತೆಯನ್ನು ಮೂರು ವರ್ಷಗಳವರೆಗೆ ಧನಸಹಾಯದಿಂದ ತುಂಬಿಕೊಡಲಾಗುತ್ತದೆ. ಸಾಧಾರಣವಾಗಿ ಆ ಧನದ ೮೦ ಭಾಗವು ಕೇಂದ್ರದ ನಿಧಿಯಿಂದಲೂ ೨೦ ಭಾಗವು ರಾಜ್ಯದಿಂದಲೂ ಬರುತ್ತದೆ. ದೊಡ್ಡ ನಗರಗಳ ನಡುವೆ ಹಾರುವ ವಿಮಾನಗಳ ಮೇಲೆ ವಿಧಿಸಿದ ಸುಂಕವು ಕೇಂದ್ರದ ಆ ನಿಧಿಯನ್ನು ತುಂಬುತ್ತದೆ. ರಾಜ್ಯವು ಇಂಧನದ ಮೇಲಿನ ತೆರಿಗೆಯನ್ನು ನೂರಕ್ಕೆ ಒಂದಕ್ಕೆ ಇಳಿಸಿ, ರಕ್ಷಣೆ ಮತ್ತು ಬೆಂಕಿ ಆರಿಸುವ ವ್ಯವಸ್ಥೆಯನ್ನು ತನ್ನ ಖರ್ಚಿನಲ್ಲಿ ಒದಗಿಸಬೇಕು. ಉಳ್ಳವರ ಪ್ರಯಾಣದಿಂದ ಚಿಕ್ಕ ಚಿಲ್ಲರೆಯನ್ನು ಎತ್ತಿ ದೂರದ ಊರುಗಳಿಗೆ ದಾರಿ ಮಾಡುವ ಈ ಕ್ರಮವನ್ನು ನಾವು ಮನಃಪೂರ್ವಕವಾಗಿ ಮೆಚ್ಚುತ್ತೇವೆ.

೨೦೨೦ರ ಫೆಬ್ರುವರಿ ೭ರಂದು ಅಂದಿನ ಮುಖ್ಯಮಂತ್ರಿ ಬಿ. ಎಸ್. ಯಡಿಯೂರಪ್ಪನವರ ಹಸ್ತದಿಂದ ಬೀದರದ ನಾಗರಿಕ ನಿಲ್ದಾಣವು ತೆರೆಯಿತು. ಬೆಂಗಳೂರಿಗೂ ಬೀದರಕ್ಕೂ ವಿಮಾನ ಸಂಚಾರವು ಮೊದಲಾಯಿತು. ಯಾವ ಕಂಪನಿಯ ರಕ್ಷಣೆಗಾಗಿ ೧೫೦ ಕಿಲೋಮೀಟರಿನ ಬೇಲಿಯನ್ನು ಕಟ್ಟಿದ್ದರೋ ಅದೇ ಕಂಪನಿಗೆ ಬೀದರದ ನಿಲ್ದಾಣವನ್ನು ನಡೆಸುವ ಕೆಲಸವನ್ನು ವಹಿಸಲಾಯಿತೆಂಬುದು ಈ ಕಥೆಯ ವಿನೋದದ ಭಾಗ. ಬೇಲಿ ಕಾಯುವವನಿಗೇ ಬಾಗಿಲ ಕಾವಲನ್ನೂ ಕೊಟ್ಟ ಮೇಲೆ ಬಾಗಿಲು ತೆರೆಯಿತು! ತೆರೆದುದಕ್ಕಾಗಿ ನಾವು ಸಂತೋಷಪಡುವೆವು. ತೆರೆದ ರೀತಿಯನ್ನು ನೆನಪಿನಲ್ಲಿಡುವೆವು.

ಆದರೆ ಸಂತೋಷವು ಬಹುಕಾಲ ನಿಲ್ಲಲಿಲ್ಲ. ಒಂದೂವರೆ ತಿಂಗಳು ಕಳೆಯುವುದರೊಳಗೆ ಕೊರೋನಾ ಮಾರಿಯು ದೇಶದ ವಿಮಾನಗಳನ್ನೆಲ್ಲ ನೆಲಕ್ಕಿಳಿಸಿತು. ಮೊದಲು ಸಂಚಾರ ನಡೆಸಿದ ವಿಮಾನ ಕಂಪನಿಯು ೨೦೨೨ರಲ್ಲಿ ತನ್ನ ವ್ಯವಹಾರವನ್ನೇ ನಿಲ್ಲಿಸಿತು. ಅದೇ ವರ್ಷದ ಜೂನಿನಲ್ಲಿ ಬೇರೊಂದು ಕಂಪನಿಯು ಬಂದಿತು. ೨೦೨೩ರ ಕೊನೆಯಲ್ಲಿ ಅದೂ ಹಾರಾಟವನ್ನು ನಿಲ್ಲಿಸಿತು. ಒಂದು ವರ್ಷಕ್ಕೂ ಮಿಕ್ಕಿ ನಿಲ್ದಾಣವು ಬರಿದಾಗಿ ಉಳಿದು, ೨೦೨೫ರ ಏಪ್ರಿಲಿನಲ್ಲಿ ರಾಜ್ಯ ಸರಕಾರದ ಧನಸಹಾಯದ ಭರವಸೆಯಿಂದ ಸಂಚಾರವು ಪುನಃ ಪ್ರಾರಂಭವಾಯಿತು. ಹೀಗೆ ಐದು ವರ್ಷಗಳಲ್ಲಿ ಮೂರು ಬಾರಿ ಆರತಿ, ಎರಡು ಬಾರಿ ಬೀಗ. ಉದ್ಘಾಟನೆಯ ರಿಬ್ಬನ್ನನ್ನು ಕತ್ತರಿಸಲು ಬರುವವರಿಗೇನೂ ಕೊರತೆಯಿಲ್ಲ. ಬೀಗ ಬೀಳುವ ದಿನ ಮಾತ್ರ ಯಾರೂ ಬರುವುದಿಲ್ಲ.

ಇದಕ್ಕೆ ಕಾರಣವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಒಂದು ವಿಮಾನ ಸಂಚಾರಕ್ಕೆ ಪ್ರಯಾಣಿಕರು ಒಗ್ಗಬೇಕಾದರೆ ಕಾಲ ಬೇಕು. ಇಂಥ ವಾರ ಇಂಥ ಹೊತ್ತಿಗೆ ವಿಮಾನವು ತಪ್ಪದೆ ಹೊರಡುವುದೆಂಬ ನಂಬಿಕೆ ಹುಟ್ಟಿದರೆ ವ್ಯಾಪಾರಿಯು ತನ್ನ ವ್ಯವಹಾರವನ್ನು ಅದಕ್ಕೆ ಹೊಂದಿಸುವನು. ವೈದ್ಯನು ರೋಗಿಯನ್ನು ಕಳುಹಿಸುವನು. ವಿದ್ಯಾರ್ಥಿಯ ತಂದೆ ಮುಂಚಿತವಾಗಿ ಟಿಕೆಟು ಕೊಳ್ಳುವನು. ಈಗ ಇದೆ, ಮುಂದಿನ ತಿಂಗಳು ಇರುವುದೋ ಇಲ್ಲವೋ ಎಂಬ ಸಂಚಾರವನ್ನು ನಂಬಿ ಯಾರೂ ಹೈದರಾಬಾದಿನ ಹಾದಿಯನ್ನು ಬಿಡರು. ಪ್ರಯಾಣಿಕರಿಲ್ಲವೆಂದು ಕಂಪನಿಯು ನಿಲ್ಲಿಸುವುದು. ಕಂಪನಿಯು ನಿಲ್ಲಿಸುವುದೆಂದು ಪ್ರಯಾಣಿಕರು ಬಾರರು. ಮೂರು ವರ್ಷಗಳ ಸಹಾಯವು ಬೆಳೆದ ಮಗುವಿಗೆ ಸಾಕಾಗಬಹುದು. ಹುಟ್ಟಿದ ತಿಂಗಳಲ್ಲಿಯೇ ಕಾಯಿಲೆ ಬಿದ್ದ ಮಗುವಿಗೆ ಸಾಲದು.

ಮುಂದೇನು?

ಆದುದರಿಂದ ಅಧಿಕಾರಿಗಳ ಮತ್ತು ಜನಪ್ರತಿನಿಧಿಗಳ ಮುಂದೆ ನಾವು ಕೆಲವು ವಿಷಯಗಳನ್ನು ವಿನಯಪೂರ್ವಕವಾಗಿ, ಆದರೆ ನಿಸ್ಸಂದಿಗ್ಧವಾಗಿ ಇಡಬಯಸುತ್ತೇವೆ. ಮೊದಲನೆಯದಾಗಿ, ಬೀದರದ ವಿಮಾನ ಸಂಚಾರವನ್ನು ವರ್ಷವರ್ಷವೂ ಭಿಕ್ಷೆಯಂತೆ ಬೇಡಿ ಪಡೆಯುವ ಸ್ಥಿತಿಯು ತಪ್ಪಬೇಕು. ಹ಼ೈದರಾಬಾದು ಕರ್ನಾಟಕದ ಹಿಂದುಳಿದಿರುವಿಕೆಯನ್ನು ರಾಷ್ಟ್ರವೇ ಒಪ್ಪಿ ಸಂವಿಧಾನದಲ್ಲಿ ೩೭೧ಜೆ ಎಂಬ ವಿಧಿಯನ್ನು ಸೇರಿಸಿದೆ. ೨೦೧೯ರಲ್ಲಿ ಆ ಭಾಗಕ್ಕೆ ಕಲ್ಯಾಣ ಕರ್ನಾಟಕವೆಂಬ ಮಂಗಳಕರವಾದ ಹೆಸರನ್ನೂ ಇಟ್ಟಾಗಿದೆ. ಹೆಸರಿನಲ್ಲಿರುವ ಕಲ್ಯಾಣವು ಬದುಕಿನಲ್ಲಿ ಇಳಿಯಬೇಕಾದರೆ ಕನಿಷ್ಠಪಕ್ಷ ಹತ್ತು ವರ್ಷಗಳ ಅವಧಿಗೆ ನಿಶ್ಚಿತವಾದ ಸಹಾಯದ ಏರ್ಪಾಡು ಆಗತಕ್ಕದ್ದು. ಸಹಾಯದ ಮೊತ್ತವು ವರ್ಷವರ್ಷಕ್ಕೆ ಇಳಿಯಲಿ. ಆದರೆ ಅದು ಇದ್ದಕ್ಕಿದ್ದಂತೆ ನಿಲ್ಲಬಾರದು.

ಎರಡನೆಯದಾಗಿ, ವಾಯುಪಡೆಯ ನೆಲದಲ್ಲಿ ನಾಗರಿಕ ವಿಮಾನವು ಅತಿಥಿಯೇ ಹೊರತು ಯಜಮಾನನಲ್ಲ. ತರಬೇತಿಯ ಹಾರಾಟಗಳಿಗೆ ಅಡ್ಡಿಯಾಗದಂತೆ ವೇಳೆಯನ್ನು ಹೊಂದಿಸಿಕೊಳ್ಳಬೇಕಾದುದು ಅನಿವಾರ್ಯ. ಆದರೂ ಬೆಳಗ್ಗೆ ಹೊರಟು, ಬೆಂಗಳೂರಿನ ಕೆಲಸವನ್ನು ಮುಗಿಸಿ, ಅದೇ ದಿನ ಊರು ಸೇರುವಂಥ ವೇಳಾಪಟ್ಟಿಯು ದೊರೆಯದಿದ್ದರೆ ಈ ಸಂಚಾರದ ಅರ್ಧ ಪ್ರಯೋಜನವು ನಷ್ಟವಾಗುವುದು. ಜಿಲ್ಲಾಡಳಿತವೂ ವಾಯುಪಡೆಯ ಅಧಿಕಾರಿಗಳೂ ಕೂಡಿ ಕುಳಿತು ಇದನ್ನು ಇತ್ಯರ್ಥಮಾಡುವುದು ಕಷ್ಟವಲ್ಲ. ಸೈನಿಕರ ಶಿಸ್ತೂ ಪ್ರಜೆಗಳ ಅನುಕೂಲವೂ ಒಂದೇ ರನ್‌ವೇಯ ಮೇಲೆ ಸಾಗಬಲ್ಲವೆಂಬುದನ್ನು ದೇಶದ ಬೇರೆ ಅನೇಕ ನಿಲ್ದಾಣಗಳು ತೋರಿಸಿಕೊಟ್ಟಿವೆ.

ಮೂರನೆಯದಾಗಿ, ಇನ್ನು ಮುಂದೆ ಯಾವ ದೊಡ್ಡ ನಿಲ್ದಾಣದ ಕರಾರನ್ನು ಬರೆಯುವಾಗಲೂ ಅದರ ವೃತ್ತದೊಳಗೆ ಬೀಳುವ ಪರರಾಜ್ಯದ ಊರುಗಳನ್ನು ವಿಚಾರಿಸದೆ ಸಹಿ ಹಾಕಕೂಡದು. ಹೈದರಾಬಾದಿನ ಷರತ್ತಿನ ಅವಧಿಯು ೨೦೩೩ರವರೆಗಿದೆ. ಆ ದಿನ ಬರುವವರೆಗೆ ಕೈಕಟ್ಟಿ ಕುಳಿತಿರದೆ, ಈಗಿನಿಂದಲೇ ಬೀದರದ ಹಕ್ಕನ್ನು ಬರಹದಲ್ಲಿ ದೃಢಪಡಿಸಿಕೊಳ್ಳುವುದು ರಾಜ್ಯ ಸರಕಾರದ ಹೊಣೆ.

ಕಡೆಯದಾಗಿ ಬೀದರದ ನಾಗರಿಕರಲ್ಲಿ ಒಂದು ಮಾತು. ವಿಮಾನವು ಬರಲೆಂದು ಚಳವಳಿ ಮಾಡುವುದೂ, ಬಂದ ಮೇಲೆ ಹಳೆಯ ರೂಢಿಯಂತೆ ಹೈದರಾಬಾದಿನ ಮೋಟಾರನ್ನೇ ಹತ್ತುವುದೂ ಕೂಡಿಬರಲಾರವು. ಹಕ್ಕನ್ನು ಬೇಡುವವನು ಅದನ್ನು ಬಳಸಿ ಉಳಿಸಿಕೊಳ್ಳಬೇಕು. ವರ್ತಕರ ಸಂಘಗಳೂ ಕಾಲೇಜುಗಳೂ ಮಠಗಳೂ ಈ ವಿಷಯದಲ್ಲಿ ಮುಂದಾಳುಗಳಾಗಬೇಕು.

ಬೀದರದ ಕೋಟೆಯನ್ನು ಗೆದ್ದವರು ಬಹಳ ಮಂದಿ. ಬಹಮನಿಗಳು, ಬರೀದಶಾಹಿಗಳು, ಬಿಜಾಪುರದವರು, ಮೊಗಲರು, ನಿಜಾಮರು ಒಬ್ಬರಾದ ಮೇಲೊಬ್ಬರು ಅಲ್ಲಿ ಆಳಿದರು. ಅವರೆಲ್ಲರೂ ಬೀದರದ ನೆಲವನ್ನು ತಮ್ಮ ಆಯುಧಗಳಿಗಾಗಿ ಬಳಸಿಕೊಂಡರು. ಕಟ್ಟಕಡೆಯ ಆಯುಧಗಳು ಇಳಿದದ್ದು ಆ ವಿಮಾನದ ಹಾದಿಯ ಮೇಲೆ. ಈಗ ಅದೇ ಹಾದಿಯಲ್ಲಿ ರೈತನ ಮಗಳು ಪರೀಕ್ಷೆಗೆಂದು, ಬಿದರಿಯ ಕಸಬುದಾರನು ತನ್ನ ಸಾಮಾನಿನ ಮಾರಾಟಕ್ಕೆಂದು, ರೋಗಿಯು ಚಿಕಿತ್ಸೆಗೆಂದು ರಾಜಧಾನಿಗೆ ಹಾರುವಂತಾದರೆ, ೧೯೪೮ರ ಸೆಪ್ಟೆಂಬರ್ ೧೭ರಂದು ಪ್ರಾರಂಭವಾದ ಕೆಲಸವು ಪೂರ್ತಿಯಾಯಿತೆಂದು ಹೇಳಬಹುದು. ಅಂದು ನೆಲವು ಬಿಡುಗಡೆಯಾಯಿತು. ಆಕಾಶವನ್ನು ಬಿಡುಗಡೆ ಮಾಡಲು ಸೈನ್ಯವು ಬೇಕಾಗಿಲ್ಲ. ಒಂದು ನಿಶ್ಚಯದ ಆಜ್ಞೆ, ಒಂದು ನಂಬಿಗೆಯ ವೇಳಾಪಟ್ಟಿ, ಕೊಟ್ಟ ಮಾತನ್ನು ನಡೆಸುವ ಸರಕಾರ, ಇಷ್ಟೇ ಸಾಕು. ಇಷ್ಟನ್ನು ಕೇಳುವುದು ಅತಿಯಾಸೆಯೆಂದು ಯಾರೂ ಹೇಳಲಾರರು.